ಕಾಂಜುಗೇಟ್ ಜೋಡಿ: ವ್ಯತ್ಯಾಸ ಒಂದೇ ಪ್ರೋಟಾನ್

ಪ್ರೋಟಾನ್ (ಅಂದರೆ ಹೈಡ್ರೋಜನ್ ಅಯಾನ್) ಕೊಡುವುದು ಆಮ್ಲ, ತೆಗೆದುಕೊಳ್ಳುವುದು ಪ್ರತ್ಯಾಮ್ಲ. 1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ ಬೇರೆ ಬೇರೆಯಾಗಿ ಹೇಳಿದ್ದು ಇದನ್ನೇ. ಪ್ರೋಟಾನ್ ಕೊಟ್ಟ ಮೇಲೆ ಉಳಿದದ್ದು ಅದನ್ನು ವಾಪಸ್ ತೆಗೆದುಕೊಳ್ಳಬಲ್ಲದು, ಅಲ್ವಾ? ಹಾಗಾಗಿ ಅದು ಪ್ರತ್ಯಾಮ್ಲ. ಈ ಎರಡೂ ಸೇರಿದರೆ ಒಂದು ಕಾಂಜುಗೇಟ್ ಜೋಡಿ.

ಅಮೋನಿಯಾ + ನೀರು ⇌ ಅಮೋನಿಯಂ + ಹೈಡ್ರಾಕ್ಸೈಡ್

ಇಲ್ಲಿ ನೀರು ಪ್ರೋಟಾನ್ ಕೊಟ್ಟು ಹೈಡ್ರಾಕ್ಸೈಡ್ ಆಯಿತು. ಅಮೋನಿಯಾ ಅದನ್ನು ಪಡೆದು ಅಮೋನಿಯಂ ಆಯಿತು. ಜೋಡಿಯ ಒಬ್ಬರು ಬಾಣದ ಎಡಕ್ಕಿದ್ದರೆ ಇನ್ನೊಬ್ಬರು ಬಲಕ್ಕೆ. ಒಂದೇ ಬದಿಯ ಎರಡನ್ನು ಜೋಡಿ ಮಾಡಬೇಡಿ. ಇದೇ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದರೆ ನೀರು ಪ್ರೋಟಾನ್ ಪಡೆದು ಹೈಡ್ರೋನಿಯಂ ಆಗುತ್ತದೆ. ಅಂದರೆ ಅಲ್ಲಿ ಅದು ಪ್ರತ್ಯಾಮ್ಲ.

ಪರೀಕ್ಷೆಯಲ್ಲಿ ಸಿಕ್ಕಿಹಾಕಿಸುವ ಪ್ರಶ್ನೆ: ಹೈಡ್ರೋನಿಯಂ ಮತ್ತು ಹೈಡ್ರಾಕ್ಸೈಡ್ ಜೋಡಿಯೇ? ಅಲ್ಲ. ಅವುಗಳ ನಡುವೆ ಎರಡು ಪ್ರೋಟಾನ್ ಅಂತರ ಇದೆ. ಸಲ್ಫ್ಯೂರಿಕ್ ಆಮ್ಲ ಮತ್ತು ಸಲ್ಫೇಟ್ ಕೂಡ ಹಾಗೆಯೇ. ಮಧ್ಯದಲ್ಲಿರುವ ಬೈಸಲ್ಫೇಟನ್ನು ಬಿಟ್ಟು ಜಿಗಿಯುವಂತಿಲ್ಲ.

ಈಗ ಜಾಸ್ತಿ ಗೊಂದಲ ಮಾಡುವ ಭಾಗ. "ದುರ್ಬಲ ಆಮ್ಲದ ಕಾಂಜುಗೇಟ್ ಪ್ರತ್ಯಾಮ್ಲ ಪ್ರಬಲ" ಎಂದು ಎಷ್ಟೋ ನೋಟ್ಸ್‌ಗಳಲ್ಲಿ ಬರೆದಿರುತ್ತದೆ. ಸುಮ್ನೆ ಬಾಯಿಪಾಠ ಮಾಡುವ ಮೊದಲು ಲೆಕ್ಕ ಹಾಕಿ ನೋಡಿ. ಆಮ್ಲದ ಬಲವನ್ನು ಪಿಕೆಎ, ಪ್ರತ್ಯಾಮ್ಲದ ಬಲವನ್ನು ಪಿಕೆಬಿ ಹೇಳುತ್ತವೆ; ಸಂಖ್ಯೆ ಚಿಕ್ಕದಾದಷ್ಟೂ ಬಲ ಜಾಸ್ತಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ದ್ರಾವಣದಲ್ಲಿ ಆಮ್ಲದ ಪಿಕೆಎ ಮತ್ತು ಅದರ ಜೋಡಿ ಪ್ರತ್ಯಾಮ್ಲದ ಪಿಕೆಬಿ ಕೂಡಿದರೆ 14 ಬರಬೇಕು. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದ ಪಿಕೆಎ 4.76. ಹಾಗಾದರೆ ಅದರ ಜೋಡಿ ಪ್ರತ್ಯಾಮ್ಲ ಅಸಿಟೇಟ್‌ನ ಪಿಕೆಬಿ 9.24. ಪಿಕೆಬಿ ಇಷ್ಟು ದೊಡ್ಡದಿದ್ದರೆ ಅದು ದುರ್ಬಲ ಪ್ರತ್ಯಾಮ್ಲವೇ. 0.1 ಮೋಲಾರ್ ಸೋಡಿಯಂ ಅಸಿಟೇಟ್ ದ್ರಾವಣದ ಪಿಎಚ್ ಸುಮಾರು 8.9. ಅಷ್ಟೇ ಸಾರತೆಯ ಕಾಸ್ಟಿಕ್ ಸೋಡಾದ್ದು, ಅಂದರೆ ನಿಜವಾದ ಪ್ರಬಲ ಪ್ರತ್ಯಾಮ್ಲದ್ದು, 13!

ಸರಿಯಾದ ಮಾತು ಇದು: ಆಮ್ಲ ದುರ್ಬಲವಾದಷ್ಟೂ ಅದರ ಜೋಡಿ ಪ್ರತ್ಯಾಮ್ಲದ ಬಲ ಏರುತ್ತದೆ. ಇದು ಹೋಲಿಕೆಯ ಮಾತು ಮಾತ್ರ. ಹೈಡ್ರೋಕ್ಲೋರಿಕ್ ಬಹಳ ಪ್ರಬಲ ಆಮ್ಲ, ಹಾಗಾಗಿ ಕ್ಲೋರೈಡ್ ನೀರಿನಿಂದ ಪ್ರೋಟಾನ್ ಕಿತ್ತುಕೊಳ್ಳುವುದೇ ಇಲ್ಲ ಎನ್ನಬಹುದು. ಅಡುಗೆ ಉಪ್ಪು ಕರಗಿಸಿದ ನೀರು ತಟಸ್ಥವಾಗಿರುವುದು ಇದರಿಂದಲೇ. ಅಡುಗೆ ಸೋಡಾದ ಬೈಕಾರ್ಬೊನೇಟ್ ಮಾತ್ರ ಎರಡು ಜೋಡಿಗಳಲ್ಲಿ ಇದೆ: ಕಾರ್ಬಾನಿಕ್ ಆಮ್ಲದ ಜೊತೆ ಪ್ರತ್ಯಾಮ್ಲವಾಗಿ, ಕಾರ್ಬೊನೇಟ್ ಜೊತೆ ಆಮ್ಲವಾಗಿ.

ಈಗ ನೀವೇ ಮಾಡಿ ನೋಡಿ: ಡೈಹೈಡ್ರೋಜನ್ ಫಾಸ್ಫೇಟ್‌ನ ಎರಡು ಜೋಡಿಗಳು ಯಾವುವು? ಉತ್ತರ: ಒಂದು ಪ್ರೋಟಾನ್ ಹೆಚ್ಚಿರುವ ಫಾಸ್ಫಾರಿಕ್ ಆಮ್ಲದ ಜೊತೆ ಒಂದು, ಒಂದು ಪ್ರೋಟಾನ್ ಕಡಿಮೆ ಇರುವ ಮಾನೋಹೈಡ್ರೋಜನ್ ಫಾಸ್ಫೇಟ್ ಜೊತೆ ಇನ್ನೊಂದು.