ಐತಿಹ್ಯ ಎಂದರೆ ಹೇಳಿದವರ ಹೆಸರಿಲ್ಲದ ಮಾತು

‘800 ವರ್ಷಗಳ ಐತಿಹ್ಯವುಳ್ಳ ಈ ದೇವಾಲಯದಲ್ಲಿ ಬ್ರಹ್ಮರಥೋತ್ಸವವು ವಿಜೃಂಭಣೆಯಿಂದ ನೆರವೇರಿತು’ ಎಂಬ ವಾಕ್ಯವು ಜಾತ್ರೆಗಳ ಕಾಲ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಊರಿನ ಹೆಸರನ್ನಷ್ಟೇ ಬದಲಿಸಿಕೊಂಡು ಮತ್ತೆ ಮತ್ತೆ ಅಚ್ಚಾಗುತ್ತದೆ. ಈಗೀಗ ಅದು ದೇವಾಲಯವನ್ನು ದಾಟಿ ‘ಶತಮಾನದ ಐತಿಹ್ಯವಿರುವ ಸರ್ಕಾರಿ ಶಾಲೆ’ ಎಂಬಲ್ಲಿಗೂ ಬಂದು ನಿಂತಿದೆ. ಪ್ರಾರಂಭದ ದಿನಾಂಕ, ದಾಖಲಾತಿ ಪುಸ್ತಕ, ಮುಖ್ಯೋಪಾಧ್ಯಾಯರ ಸಹಿ ಎಲ್ಲವೂ ಇರುವ ಶಾಲೆಗೆ ಇರುವುದು ಇತಿಹಾಸವೇ ಹೊರತು ಐತಿಹ್ಯವಲ್ಲ. ಐತಿಹ್ಯವನ್ನು ವರ್ಷಗಳ ಲೆಕ್ಕದಲ್ಲಿ ಅಳೆಯಲೂ ಬರುವುದಿಲ್ಲ, ಏಕೆಂದರೆ ಅದು ಯಾವಾಗ ಹುಟ್ಟಿತು, ಯಾರು ಮೊದಲು ಹೇಳಿದರು ಎಂಬುದು ಗೊತ್ತಿಲ್ಲದಿರುವುದೇ ಅದರ ಲಕ್ಷಣ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೊಂದಿದೆ. ‘ಅದೆಲ್ಲ ಬರೀ ಐತಿಹ್ಯ’ ಎಂದು ಕೈಬೀಸಿ, ಆ ಪದವನ್ನು ಕಟ್ಟುಕಥೆಗೆ ಸಮಾನಾರ್ಥಕವಾಗಿ ಬಳಸುವವರದು. ಮೊದಲಿನವರು ಪದಕ್ಕೆ ಇಲ್ಲದ ಅಧಿಕಾರವನ್ನು ಕೊಡುತ್ತಾರೆ, ಇವರು ಅದಕ್ಕಿಲ್ಲದ ಕಳಂಕವನ್ನು ಹಚ್ಚುತ್ತಾರೆ. ಕನ್ನಡಕ್ಕೆ ಈ ಪದ ಅದರ ನಿಜವಾದ ಅರ್ಥದಲ್ಲಿ ತೀರ ಅಗತ್ಯವಾಗಿದೆ, ಆದ್ದರಿಂದ ಅದು ಹೀಗೆ ಎರಡೂ ಕಡೆಯಿಂದ ಸವೆಯುವುದನ್ನು ಸುಮ್ಮನೆ ನೋಡುತ್ತಿರಲಾಗುವುದಿಲ್ಲ.

ಪದದ ಹುಟ್ಟನ್ನು ನೋಡೋಣ. ಸಂಸ್ಕೃತದ ‘ಇತಿ’ ಎಂದರೆ ಹೀಗೆ. ‘ಹ’ ಎಂಬುದು ಹಳೆಯ ಕಥನಗಳಲ್ಲಿ ಮಾತಿಗೆ ಒತ್ತು ಕೊಡುವ ಅವ್ಯಯ. ಎರಡೂ ಸೇರಿ ‘ಇತಿಹ’ ಎಂಬ ಇನ್ನೊಂದು ಅವ್ಯಯವಾಯಿತು. ಅನಂತ, ಆವಸಥ, ಇತಿಹ, ಭೇಷಜ ಎಂಬ ನಾಲ್ಕು ಪದಗಳಿಗೆ ಪಾಣಿನಿಯು ಒಂದೇ ಸೂತ್ರದಲ್ಲಿ (5.4.23) ಒಂದು ಪ್ರತ್ಯಯವನ್ನು ಹೇಳುತ್ತಾನೆ, ಭೇಷಜವು ಭೈಷಜ್ಯವಾಗುವಂತೆ ಇತಿಹವು ಐತಿಹ್ಯವಾಗುತ್ತದೆ. ಅಮರಕೋಶವು ‘ಇತಿಹ’ ಮತ್ತು ‘ಐತಿಹ್ಯ’ ಎರಡನ್ನೂ ಒಟ್ಟಿಗೆ ಹಿಡಿದು ‘ಪಾರಂಪರ್ಯೋಪದೇಶ’ ಎಂದು ಅರ್ಥ ಕೊಡುತ್ತದೆ, ಅಂದರೆ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಸಾಲಾಗಿ ಇಳಿದು ಬಂದ ಮಾತು.

‘ಇತಿಹಾಸ’ ಹುಟ್ಟಿದ್ದೂ ಇದೇ ಮನೆಯಲ್ಲಿ. ಇತಿ, ಹ, ಆಸ ಎಂಬ ಮೂರು ತುಂಡುಗಳು ಅದರಲ್ಲಿವೆ; ‘ಹೀಗೆ ಇತ್ತು’ ಎಂದು ಅದರ ಅರ್ಥ. ಹರಿಶ್ಚಂದ್ರನ ಕಥೆ ಐತರೇಯ ಬ್ರಾಹ್ಮಣದಲ್ಲಿ ‘ಹರಿಶ್ಚಂದ್ರೋ ಹ ವೈಧಸ ಐಕ್ಷ್ವಾಕೋ ರಾಜಾಪುತ್ರ ಆಸ’ ಎಂದು ತೊಡಗುತ್ತದೆ. ಈ ಒಂದೇ ವಾಕ್ಯದಲ್ಲಿ ‘ಹ’ವೂ ಇದೆ, ‘ಆಸ’ವೂ ಇದೆ. ಕಥೆ ಹೇಳುವವರ ಬಾಯಲ್ಲಿ ಸದಾ ಬರುತ್ತಿದ್ದ ಈ ನುಡಿಗಟ್ಟೇ ಗಟ್ಟಿಯಾಗಿ ‘ಇತಿಹಾಸ’ ಎಂಬ ಹೆಸರಾಯಿತು. ಇಲ್ಲಿ ಗಮನಿಸಲೇಬೇಕಾದ ಸಂಗತಿ ‘ಆಸ’ ಎಂಬ ಕ್ರಿಯಾಪದದ ರೂಪ. ಅದು ಲಿಟ್ ಲಕಾರ. ‘ಪರೋಕ್ಷೇ ಲಿಟ್’ (3.2.115) ಎಂದು ಪಾಣಿನಿಯೇ ಹೇಳಿರುವಂತೆ, ಹೇಳುವವನು ಕಣ್ಣಾರೆ ಕಾಣದ ಭೂತಕಾಲಕ್ಕೆ ಮಾತ್ರ ಆ ರೂಪ ಸಲ್ಲುತ್ತದೆ. ಹೀಗೆ, ತಾನು ಕಂಡದ್ದಲ್ಲ, ಕೇಳಿದ್ದು ಎಂಬ ಒಪ್ಪಿಗೆಯು ಆ ಪದದ ವ್ಯಾಕರಣದೊಳಗೇ ಇದೆ.

‘ಐತಿಹಾಸಿಕ’ ಎಂಬ ಪದಕ್ಕೂ ಮೊದಲು ಇದ್ದ ಅರ್ಥ ಬೇರೆಯೇ. ವೇದದ ಪದಗಳಿಗೆ ಅರ್ಥ ಹೇಳುವ ಯಾಸ್ಕನ ನಿರುಕ್ತದಲ್ಲಿ (2.16), ಇಂದ್ರನು ಕೊಂದ ವೃತ್ರ ಯಾರು ಎಂಬ ಪ್ರಶ್ನೆ ಬರುತ್ತದೆ. ಮೋಡವೆಂದು ನೈರುಕ್ತರು, ಅಂದರೆ ಪದದ ಹುಟ್ಟಿನಿಂದ ಅರ್ಥ ಹುಡುಕುವವರು, ಹೇಳುತ್ತಾರೆ, ತ್ವಷ್ಟೃವಿನ ಮಗನಾದ ಅಸುರನೆಂದು ಐತಿಹಾಸಿಕರು ಹೇಳುತ್ತಾರೆ ಎಂದು ಅವನು ಎರಡೂ ಪಕ್ಷಗಳನ್ನು ದಾಖಲಿಸುತ್ತಾನೆ. ಅವನ ಕಾಲದ ಐತಿಹಾಸಿಕರು ಕಥೆಯನ್ನು ಕಥೆಯಾಗಿಯೇ ನಂಬಿದವರು. ಇಂದು ಆ ಹೆಸರನ್ನು ಕಥೆಯನ್ನು ಶಾಸನದ ಜೊತೆ ಒರೆಗೆ ಹಚ್ಚುವ ಕೆಲಸಕ್ಕೆ ಕೊಟ್ಟಿದ್ದೇವೆ. ಹೊಸ ಶಾಲೆಗಳ ಪಠ್ಯಗಳಲ್ಲಿ ‘ಇತಿಹಾಸ’ವು ‘ಚರಿತ್ರೆ’ಯ ಜೊತೆಗೆ ದಾಖಲೆಯಾಧಾರಿತ ವಿದ್ಯೆಯ ಹೆಸರಾಗಿ ನೆಲೆಗೊಂಡಾಗ, ‘ಐತಿಹ್ಯ’ ಮಾತ್ರ ತನ್ನ ಹಳೆಯ ಅರ್ಥದಲ್ಲೇ ಉಳಿಯಿತು. ಒಂದೇ ಬೇರಿನ ಎರಡು ಪದಗಳು ಬೇರೆ ಬೇರೆ ದಾರಿ ಹಿಡಿದ ಮೇಲೂ ‘ಐತಿಹಾಸಿಕ’, ‘ಐತಿಹ್ಯ’ ಎರಡರ ತಲೆಯಲ್ಲೂ ‘ಐತಿಹ್’ ಎಂಬ ಸದ್ದು ಇರುವುದರಿಂದ, ‘ಐತಿಹಾಸಿಕ ಹಿನ್ನೆಲೆ’ ಎಂದು ಬರೆಯಬೇಕಾದವರ ಲೇಖನಿಯು ಗಿಡ್ಡ ಪದದ ಕಡೆಗೆ ಜಾರುತ್ತದೆ.

ನಮ್ಮ ತರ್ಕಶಾಸ್ತ್ರ ಈ ಪದವನ್ನು ಎಷ್ಟು ಎಚ್ಚರದಿಂದ ನೋಡಿದೆಯೆಂದು ತಿಳಿದರೆ ಯಾರಿಗಾದರೂ ಗೌರವ ಮೂಡುತ್ತದೆ. ಪ್ರಮಾಣಗಳು ನಾಲ್ಕೇ ಏಕೆ, ಐತಿಹ್ಯವೂ ಅರಿವಿಗೆ ಸಾಧನವಲ್ಲವೇ ಎಂಬ ಆಕ್ಷೇಪವನ್ನು ನ್ಯಾಯಸೂತ್ರವು ಎತ್ತಿಕೊಂಡು, ಅದು ಶಬ್ದಪ್ರಮಾಣದಲ್ಲೇ, ಅಂದರೆ ನಂಬತಕ್ಕವರ ಮಾತಿನಿಂದ ಬರುವ ಅರಿವಿನಲ್ಲೇ, ಅಡಗುತ್ತದೆ ಎಂದು ಉತ್ತರಿಸುತ್ತದೆ. ಭಾಷ್ಯಕಾರನಾದ ವಾತ್ಸ್ಯಾಯನನು ಅಲ್ಲಿ ಕೊಡುವ ವ್ಯಾಖ್ಯೆ ‘ಅನಿರ್ದಿಷ್ಟಪ್ರವಕ್ತೃಕಂ ಪ್ರವಾದಪಾರಂಪರ್ಯಮ್’ ಎಂದು. ಮೊದಲು ಹೇಳಿದವನು ಯಾರೆಂದು ಗೊತ್ತಿಲ್ಲದ ಮಾತಿನ ಸರಣಿಯೇ ಐತಿಹ್ಯ. ಇದಕ್ಕಿಂತ ಖಚಿತವಾದ ವ್ಯಾಖ್ಯೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ವಾಚಸ್ಪತಿ ಮಿಶ್ರನು ಸಾಂಖ್ಯತತ್ತ್ವಕೌಮುದಿಯಲ್ಲಿ ‘ಈ ಆಲದ ಮರದಲ್ಲಿ ಯಕ್ಷನು ವಾಸಿಸುತ್ತಾನೆ’ ಎಂಬ ಉದಾಹರಣೆಯನ್ನು ಕೊಟ್ಟು, ಹೇಳಿದವನು ಗೊತ್ತಿಲ್ಲದ್ದರಿಂದ ಇದು ಸಂಶಯಾಸ್ಪದ, ಹೇಳಿದವನು ಆಪ್ತನೆಂದು, ಅಂದರೆ ನಂಬತಕ್ಕವನೆಂದು, ನಿಶ್ಚಯವಾದರೆ ಅದು ಆಗಮವೇ (ಶಬ್ದಪ್ರಮಾಣವೇ) ಆಗುತ್ತದೆ ಎನ್ನುತ್ತಾನೆ. ಅವನು ಸುಳ್ಳು ಎನ್ನಲಿಲ್ಲ, ಸಂಶಯಾಸ್ಪದ ಎಂದ. ಈ ಎರಡರ ನಡುವಿನ ಅಂತರವನ್ನೇ ‘ಬರೀ ಐತಿಹ್ಯ’ ಎನ್ನುವವರು ಮರೆಯುವುದು.

ಕನ್ನಡಿಗರಿಗೆ ಇದನ್ನು ಗುರುತಿಸಲು ಸಂಸ್ಕೃತದ ಸೂತ್ರವೂ ಬೇಕಿಲ್ಲ, ನಮ್ಮಲ್ಲಿ ‘ಅಂತೆ’ ಇದೆ. ‘ಆ ಮರದಲ್ಲಿ ಯಕ್ಷ ಇದ್ದಾನೆ’ ಎಂದರೆ ಹೇಳಿದವನು ಹೊಣೆ ಹೊತ್ತಂತೆ. ‘ಇದ್ದಾನಂತೆ’ ಎಂದರೆ ಕೇಳಿದ್ದನ್ನು ದಾಟಿಸಿದಂತೆ. ಐತಿಹ್ಯವೆಂದರೆ ‘ಅಂತೆ’ಯಿಂದ ಮುಗಿಯುವ ಮಾತು. ‘ಅಂತೆ’ಯನ್ನು ತೆಗೆದುಹಾಕಿ ‘ಆಗಿದೆ’, ‘ಇದೆ’ ಎಂದು ಬರೆದ ಕ್ಷಣದಲ್ಲೇ ವರದಿಗಾರನು ತನಗೆ ಗೊತ್ತಿಲ್ಲದ್ದಕ್ಕೆ ಸಾಕ್ಷಿ ಹೇಳಿದಂತಾಗುತ್ತದೆ.

ಬೆಂಗಳೂರಿನ ಹೆಸರಿನ ಐತಿಹ್ಯ ಎಲ್ಲರಿಗೂ ಗೊತ್ತು: ಬೇಟೆಯಲ್ಲಿ ದಾರಿ ತಪ್ಪಿದ ವೀರಬಲ್ಲಾಳ, ಬೇಯಿಸಿದ ಕಾಳು ಕೊಟ್ಟ ಮುದುಕಿ, ಬೆಂದಕಾಳೂರು. ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು 890ರದೆಂದು ಹೇಳಲಾಗುವ ಗಂಗರ ಕಾಲದ ಶಾಸನವು ಬೆಂಗಳೂರಿನ ಕಾಳಗವನ್ನೂ, ಅದರಲ್ಲಿ ಮಡಿದ ನಾಗತ್ತರನ ಮಗ ಬುಟ್ಟಣಸೆಟ್ಟಿಯನ್ನೂ ಹೆಸರಿಸುತ್ತದೆ. ರಾಜ ಹುಟ್ಟುವುದಕ್ಕೆ ಎರಡೂವರೆ ಶತಮಾನಕ್ಕೂ ಹಿಂದೆಯೇ ಊರಿಗೆ ಆ ಹೆಸರಿತ್ತು. ಇಲ್ಲಿ ಐತಿಹ್ಯವು ಕಾಲದ ಲೆಕ್ಕದಲ್ಲೇ ಬಿದ್ದುಹೋಗುತ್ತದೆ, ಹೆಚ್ಚಿನ ಚರ್ಚೆಗೆ ಅವಕಾಶವಿಲ್ಲ.

ಜಕಣಾಚಾರಿಯ ವಿಷಯ ಇದಕ್ಕಿಂತ ನವುರಾದದ್ದು. ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ಮಗ ಡಂಕಣ ತೋರಿಸಿಕೊಟ್ಟ ಕಪ್ಪೆ, ಮಾತಿಗೆ ತಪ್ಪದೆ ತನ್ನ ಬಲಗೈಯನ್ನೇ ಕತ್ತರಿಸಿಕೊಂಡ ತಂದೆ, ಕೈದಾಳದಲ್ಲಿ ಮತ್ತೆ ಕೂಡಿಬಂದ ಕೈ, ಇವು ಕನ್ನಡ ನಾಡಿನ ಮಕ್ಕಳು ಕೇಳಿಯೇ ಬೆಳೆಯುವ ಸಂಗತಿಗಳು. ಶಿಲ್ಪಿಗಳಿಗೆ ಸರ್ಕಾರವು ಕೊಡುವ ಪ್ರಶಸ್ತಿಯೂ ಅವನ ಹೆಸರಿನಲ್ಲೇ ಇದೆ. ಆದರೆ 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ದೇವಾಲಯದಲ್ಲಿ ಮದನಿಕೆಯರ ಪಾದದ ಬಳಿ ಬಗ್ಗಿ ನೋಡಿದರೆ ಕಾಣುವ ಹೆಸರುಗಳು ಬೇರೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಹಲವು ಶಿಲ್ಪಗಳ ಕೆಳಗಿದೆ. ಇವನ್ನೆಲ್ಲ ಜಕಣಾಚಾರಿಯೇ ಕಡೆದನೆಂದು ಜನ ಹೇಳುವುದುಂಟು, ಆದರೆ ಬೇಲೂರಿಗೂ ಸೋಮನಾಥಪುರಕ್ಕೂ ಒಂದು ಶತಮಾನಕ್ಕಿಂತ ಹೆಚ್ಚಿನ ಅಂತರವಿದೆ, ಎರಡನ್ನೂ ಒಬ್ಬನೇ ಕಡೆದಿರಲಾರ. ಜಕಣಾಚಾರಿ ಎಂಬುದು ವ್ಯಕ್ತಿಯ ಹೆಸರಲ್ಲ, ದಕ್ಷಿಣಾಚಾರ್ಯ ಎಂಬುದರ ತದ್ಭವ, ದಕ್ಷಿಣದ ಶಿಲ್ಪಿಗಳಿಗೆಲ್ಲ ಸಂದ ಹೆಸರು ಎಂಬ ವಾದವೊಂದಿದೆ. ಅದನ್ನು ಒಪ್ಪಿದರೂ ಬಿಟ್ಟರೂ, ಐತಿಹ್ಯವನ್ನೇ ಇತಿಹಾಸವೆಂದು ಬರೆಯುವುದರಿಂದ ಆಗಿರುವ ನಷ್ಟ ಕಣ್ಣೆದುರಿಗಿದೆ: ತಮ್ಮ ಕೈಯಾರೆ ಹೆಸರು ಕೊರೆದಿಟ್ಟು ಹೋದ ದಾಸೋಜ, ಚಾವಣ, ಮಲ್ಲಿತಮ್ಮರನ್ನು ನಾವು ಮಕ್ಕಳಿಗೆ ಹೇಳಿಕೊಡುವುದಿಲ್ಲ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಇನ್ನು ತಲಕಾಡು. ‘ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ’ ಎಂಬ, ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿ ತಿರುಮಲನ ಪತ್ನಿ ಅಲಮೇಲಮ್ಮನ ಶಾಪವನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಘಟನೆಗೆ ಜೋಡಿಸುತ್ತಾರೆ. ವಶಪಡಿಸಿಕೊಂಡದ್ದು ಇತಿಹಾಸ, ಶಾಪ ಐತಿಹ್ಯ. ಮರಳಂತೂ ಕಣ್ಣಿಗೆ ಕಾಣುವ ಸತ್ಯ. ಪಾತಾಳೇಶ್ವರನ ಗುಡಿಗೆ ಇಂದಿಗೂ ದಿಬ್ಬದಿಂದ ಮೆಟ್ಟಿಲಿಳಿದು ಹೋಗಬೇಕು, ವಿಷ್ಣುವರ್ಧನನು ಚೋಳರನ್ನು ಗೆದ್ದು ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವೂ ಮರಳಿನಲ್ಲಿ ಹೂತು ನಿಂತಿತ್ತು. ತಲಕಾಡು ಮತ್ತು ಮಾಲಂಗಿ ಕಾವೇರಿಯ ತಿರುವಿನಲ್ಲಿ ಎದುರುಬದುರಾಗಿರುವ ಊರುಗಳು. ನದಿಯು ತಿರುಗುವಲ್ಲಿ ಒಂದು ದಡಕ್ಕೆ ಮರಳು ಕೂಡುವುದು, ಎದುರಿನ ದಡದ ಬದಿಗೆ ಮಡು ಕೊರೆಯುವುದು ಹರಿವಿನ ಸಹಜ ಗುಣ. ಮೇಲ್ಭಾಗದಲ್ಲಿ ಮಾಧವಮಂತ್ರಿ ಕಟ್ಟೆಯಾದ ಮೇಲೆ ನೀರಿನ ಹರಿವು ತಗ್ಗಿ, ನದಿಪಾತ್ರದ ಮರಳು ಬಯಲಾಗಿ, ನೈಋತ್ಯದ ಗಾಳಿ ಅದನ್ನು ಊರಿನ ಮೇಲೆ ಸುರಿಯಿತು ಎಂಬುದು ಸಂಶೋಧಕರು ಮುಂದಿಟ್ಟಿರುವ ವಿವರಣೆ. ಆ ಕಟ್ಟೆಯನ್ನು 14ನೇ ಶತಮಾನದ್ದೆಂದು ಎಣಿಸುತ್ತಾರೆ. ಹಾಗಾದರೆ ಮರಳಿನ ಕಾರಣ ಶಾಪಕ್ಕಿಂತ ಹಳೆಯದು.

ಶಾಪದ ಮೂರನೆಯ ಭಾಗವನ್ನು ಜನ ‘ಒಂದು ತಲೆಮಾರು ಬಿಟ್ಟು ಒಂದಕ್ಕೆ ಸಂತಾನವಿಲ್ಲ’ ಎಂದು ಹೇಳಿಕೊಂಡು ಬಂದಿದ್ದಾರೆ. ಶಾಪದ ಮಾತಿನಲ್ಲಿ ಅಂಥ ಲೆಕ್ಕವೇ ಇಲ್ಲ. 1673ರಿಂದ 1732ರವರೆಗೆ ಚಿಕ್ಕದೇವರಾಜ, ಮಗ ಇಮ್ಮಡಿ ಕಂಠೀರವ ನರಸರಾಜ, ಮೊಮ್ಮಗ ದೊಡ್ಡ ಕೃಷ್ಣರಾಜ ಸಾಲಾಗಿ ಪಟ್ಟವೇರಿದ್ದಾರೆ. ಆ ಲೆಕ್ಕ ಚೆನ್ನಾಗಿ ಹೊಂದುವುದು ಮುಮ್ಮಡಿ ಕೃಷ್ಣರಾಜರು ದತ್ತು ತೆಗೆದುಕೊಂಡಲ್ಲಿಂದ ಈಚೆಗೆ ಮಾತ್ರ: ಅವರ ದತ್ತುಪುತ್ರ ಚಾಮರಾಜೇಂದ್ರರಿಗೆ ಮಕ್ಕಳು, ನಾಲ್ವಡಿಯವರಿಗೆ ಇಲ್ಲ, ಜಯಚಾಮರಾಜರಿಗೆ ಇದ್ದಾರೆ, ಶ್ರೀಕಂಠದತ್ತರಿಗೆ ಇಲ್ಲ. ಕಂಡ ಸಂಗತಿಗೆ ತಕ್ಕಂತೆ ಐತಿಹ್ಯವು ತನ್ನ ಮಾತನ್ನು ತಿದ್ದಿಕೊಂಡಿರುವಂತೆ ತೋರುತ್ತದೆ. ಹಾಗೆಂದು ಇದನ್ನು ಸುಳ್ಳೆಂದು ಎಸೆಯುವಂತಿಲ್ಲ. ಅರಮನೆಯಲ್ಲಿ ಅಲಮೇಲಮ್ಮನ ಪ್ರತಿಮೆಗೆ ನವರಾತ್ರಿಯಲ್ಲಿ ಪೂಜೆ ನಡೆದುಬಂದಿದೆ. ಗೆದ್ದವರ ಮನೆಯಲ್ಲೇ ಸೋತ ಕಡೆಯ ಹೆಂಗಸಿಗೆ ಪೂಜೆ ಸಲ್ಲುತ್ತದೆಯೆಂದರೆ, ಆ ಗೆಲುವಿನ ನ್ಯಾಯದ ಬಗ್ಗೆ ನಾಡಿನ ಮನಸ್ಸಿನಲ್ಲಿ ಉಳಿದಿದ್ದ ಅಳುಕು ಅದರಲ್ಲಿ ದಾಖಲಾಗಿದೆ. ಶಾಸನದಲ್ಲಿ ಇಂಥದ್ದು ಸಿಗುವುದಿಲ್ಲ.

ನೆರೆಯ ಪದಗಳ ಬಗ್ಗೆ ಎರಡು ಮಾತು. ‘ಪ್ರತೀತಿ’ ಎಂದರೆ ಜನರ ನಂಬಿಕೆ, ಅದಕ್ಕೆ ಕಥೆ ಇರಲೇಬೇಕೆಂದಿಲ್ಲ. ‘ದಂತಕಥೆ’ ಐತಿಹ್ಯಕ್ಕೆ ತೀರ ಹತ್ತಿರದ್ದು. ಬದುಕಿ ಆಡುತ್ತಿರುವ ಕ್ರಿಕೆಟಿಗರನ್ನು ದಂತಕಥೆ ಎಂದು ಕರೆಯುವುದು ಇಂಗ್ಲಿಷಿನಿಂದ ಎತ್ತಿಟ್ಟ ಬಳಕೆ, ಅದನ್ನು ಬಿಡುವುದು ಒಳ್ಳೆಯದು. ‘ಸ್ಥಳಪುರಾಣ’ ಮಾತ್ರ ಐತಿಹ್ಯದಿಂದ ಬೇರೆಯೇ ಜಾತಿಯದು: ಅದಕ್ಕೆ ಬರಹದ ರೂಪವಿರುತ್ತದೆ, ಇಂಥ ಋಷಿ ಇಂಥವನಿಗೆ ಹೇಳಿದ ಎಂಬ ಚೌಕಟ್ಟಿರುತ್ತದೆ. ಹೇಳಿದವನ ಹೆಸರು ಅಲ್ಲಿ ಇರುವುದರಿಂದಲೇ ವಾತ್ಸ್ಯಾಯನನ ವ್ಯಾಖ್ಯೆ ಅದಕ್ಕೆ ಸಲ್ಲುವುದಿಲ್ಲ.