ಪದ ಪರಿಚಯ: ಕಾರ್ಬನ್ ಕೋಟರ್

ಮನೆಯಲ್ಲಿ ಕಾಡಿಗೆ ಮಾಡುವುದನ್ನು ನೋಡಿದವರಿಗೆ ಈ ಪದದ ಅರ್ಧ ಅರ್ಥ ಆಗಲೇ ಗೊತ್ತು. ಔಡಲೆಣ್ಣೆಯ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ತಟ್ಟೆಯ ಒಳಮೈ ಕಪ್ಪಾಗಿರುತ್ತದೆ. ಆ ಕಪ್ಪು ಇಂಗಾಲ. ಕಾರ್ಬನ್ ಕೋಟರ್ ಎಂಬ ಯಂತ್ರ ಮಾಡುವುದೂ ಇಂಗಾಲವನ್ನು ಒಂದು ವಸ್ತುವಿನ ಮೈಮೇಲೆ ಕೂರಿಸುವ ಕೆಲಸವನ್ನೇ. ಆದರೆ ಇಲ್ಲಿ ಎಣ್ಣೆಯಿಲ್ಲ, ಹೊಗೆಯಿಲ್ಲ, ಗಾಳಿಯೂ ಹೆಚ್ಚುಕಡಿಮೆ ಇಲ್ಲ. ಕೂರುವ ಪದರದ ದಪ್ಪ 20 ನ್ಯಾನೊಮೀಟರ್ ಆಸುಪಾಸು. ಒಂದು ಮಿಲಿಮೀಟರನ್ನು ಐವತ್ತು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲು ಅಷ್ಟು.

ಕನ್ನಡದಲ್ಲಿ ಇದನ್ನು ‘ಇಂಗಾಲ ಲೇಪಕ’ ಎಂದು ಬರೆಯಬಹುದು. ಕಲಬುರಗಿಯಲ್ಲಿ ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಅದು ಬರೀ ‘ಕೋಟರ್’. ಹಿರಿಯ ಸಹಾಯಕರೊಬ್ಬರು ಮಾತ್ರ ‘ಕಲಾಯಿ ಡಬ್ಬಿ’ ಅನ್ನುತ್ತಾರೆ. ಆ ಹೆಸರು ನನಗೆ ಬಹಳ ಇಷ್ಟ. ನವಸಾಗರ ಉದುರಿಸಿ ತಾಮ್ರದ ಪಾತ್ರೆಗೆ ತವರ ಬಳಿಯುವ ಕಲಾಯಿಯವರ ಕೆಲಸಕ್ಕೂ ಇದಕ್ಕೂ ನಂಟಿದೆ: ವಸ್ತು ಅದೇ ಇರುತ್ತದೆ, ಮೈ ಮಾತ್ರ ಬೇರೆಯಾಗುತ್ತದೆ. ಪಾತ್ರೆಯ ಕಲಾಯಿ ತಾಮ್ರ ಅಡುಗೆಗೆ ತಾಗದಂತೆ ತಡೆಯುತ್ತದೆ. ಈ ಕಲಾಯಿ ತಡೆಯುವುದಿಲ್ಲ, ದಾರಿ ಕೊಡುತ್ತದೆ.

ದಾರಿ ಯಾರಿಗೆ? ಎಲೆಕ್ಟ್ರಾನುಗಳಿಗೆ. ಸೆಮ್ ಎಂದು ನಾವು ಕರೆಯುವ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೆಳಕಿನ ಬದಲು ಎಲೆಕ್ಟ್ರಾನುಗಳ ಕಿರಣದಿಂದ ನೋಡುತ್ತದೆ. ಕಿರಣ ಬಿದ್ದ ವಸ್ತು ಲೋಹವಾಗಿದ್ದರೆ ಬಂದ ಎಲೆಕ್ಟ್ರಾನುಗಳು ಹರಿದು ನೆಲ ಸೇರುತ್ತವೆ. ಶಹಾಬಾದ್ ಕಲ್ಲು, ತೊಗರಿ ಎಲೆ, ಸಿಮೆಂಟಿನ ಪುಡಿ, ಮೂಳೆಯ ಚೂರು ಇವುಗಳಲ್ಲಿ ವಿದ್ಯುತ್ ಹರಿಯುವುದಿಲ್ಲ. ಎಲೆಕ್ಟ್ರಾನುಗಳು ಅಲ್ಲೇ ಜಮೆಯಾಗಿ, ಮುಂದೆ ಬರುವ ಕಿರಣವನ್ನೇ ಪಕ್ಕಕ್ಕೆ ತಳ್ಳುತ್ತವೆ. ಪರದೆಯ ಮೇಲೆ ಚಿತ್ರ ಒಂದು ಕಡೆ ಬೆಳ್ಳಗೆ ಉರಿದು, ಇನ್ನೊಂದು ಕಡೆ ಜಾರಿ, ಗೆರೆಗೆರೆಯಾಗುತ್ತದೆ. ನಮ್ಮವರು ಇದನ್ನು ‘ಚಾರ್ಜಿಂಗ್ ಆಗ್ಲಿಕತ್ತದ’ ಅನ್ನುತ್ತಾರೆ. ಮೈಮೇಲೆ ತೆಳು ವಾಹಕ ಪದರವೊಂದನ್ನು ಕೂರಿಸಿ, ಅದು ಮಾದರಿಯನ್ನು ಅಂಟಿಸಿದ ಲೋಹದ ಗುಂಡಿಯವರೆಗೆ ತಾಗುವಂತೆ ಮಾಡಿದರೆ ತೊಂದರೆ ತೀರುತ್ತದೆ.

ಹಾಗಾದರೆ ಇಂಗಾಲವೇ ಯಾಕೆ, ಬಂಗಾರ ಯಾಕಲ್ಲ? ಕೋಟರ್ ಕೊಳ್ಳಬೇಕೆನ್ನುವವರು ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ ಇದು. ಬಹುತೇಕ ಕಡೆ ಇದನ್ನು ಕೇಳದೆಯೇ ಹಣ ಮಂಜೂರಾಗಿರುತ್ತದೆ ಎನ್ನುವುದು ನನ್ನ ಸಂಕಟ.

ನನ್ನ ಪಾಠ ಹೀಗಾಯಿತು. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯ ಸುತ್ತಮುತ್ತ ಭೀಮಾ ಕಣಿವೆಯ ಸುಣ್ಣಕಲ್ಲಿನಲ್ಲಿ ಯುರೇನಿಯಂ ಇರುವುದು ಭೂವಿಜ್ಞಾನ ಓದಿದವರಿಗೆಲ್ಲ ಗೊತ್ತು. ಅದರ ಜೊತೆಗೆ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಖನಿಜವೂ ಇರುತ್ತದೆ. ಆ ಕಡೆಯ ವಿದ್ಯಾರ್ಥಿಯೊಬ್ಬ ಪೈರೈಟ್ ಚುಕ್ಕೆಗಳಿದ್ದ ಸುಣ್ಣಕಲ್ಲನ್ನು ನಯಗೊಳಿಸಿ ತಂದಿದ್ದ. “ಸರ್, ಬಂಗಾರದ ಲೇಪ ಭಾಳ ಚಂದ ಚಿತ್ರ ಕೊಡ್ತದ ಅಂತಾರ, ಅದನ್ನೇ ಹಾಕ್ರಿ” ಅಂದ. ನಾನೂ ಹೂಂ ಅಂದೆ. ಚಿತ್ರ ಚೆನ್ನಾಗಿಯೇ ಬಂತು. ಆದರೆ ಅವನಿಗೆ ಬೇಕಿದ್ದದ್ದು ಕಲ್ಲಿನಲ್ಲಿ ಗಂಧಕ ಎಷ್ಟಿದೆ, ಎಲ್ಲೆಲ್ಲಿದೆ ಎಂಬ ಲೆಕ್ಕ.

ಧಾತುಗಳ ಲೆಕ್ಕವನ್ನು ಇಡಿಎಸ್ ಎಂಬ ಉಪಕರಣ ಕೊಡುತ್ತದೆ. ಎಲೆಕ್ಟ್ರಾನ್ ಕಿರಣ ತಾಗಿದಾಗ ಪ್ರತಿ ಧಾತುವೂ ತನ್ನದೇ ಶಕ್ತಿಯ ಎಕ್ಸ್‌ರೇ ಹೊರಸೂಸುತ್ತದೆ. ಆ ಶಕ್ತಿಯೇ ಅದರ ಗುರುತು. ಗಂಧಕದ ಗುರುತು 2.31 ಕಿಲೋ ಎಲೆಕ್ಟ್ರಾನ್ ವೋಲ್ಟ್. ಬಂಗಾರದ ಒಂದು ಗುರುತು 2.12. ಇಡಿಎಸ್‌ಗೆ ಇಷ್ಟು ಹತ್ತಿರದ ಗುರುತುಗಳನ್ನು ಪೂರ್ತಿ ಬಿಡಿಸಿ ನೋಡುವ ಕಣ್ಣಿಲ್ಲ, ಒಂದರ ದಿಬ್ಬ ಇನ್ನೊಂದರ ಮೇಲೆ ಹರಡುತ್ತದೆ. ನಾವು ಬಳಿದ ಬಂಗಾರವೇ ನಾವು ಹುಡುಕುತ್ತಿದ್ದ ಗಂಧಕದ ಮೇಲೆ ಮುಸುಕು ಹಾಕಿತ್ತು. ಅಲ್ಲಲ್ಲಿ ಕಡಿಮೆ ಪ್ರಮಾಣದಲ್ಲಿದ್ದ ಗಂಧಕವಂತೂ ನಂಬುವಂತೆ ಕಾಣಲೇ ಇಲ್ಲ. ಕಲ್ಲನ್ನು ಮತ್ತೆ ಉಜ್ಜಿ, ನಯಗೊಳಿಸಿ, ಇಂಗಾಲ ಹಾಕಬೇಕಾಯಿತು. ಆ ಹುಡುಗನ ಎರಡು ವಾರ ಹೋದವು. ಆ ತಪ್ಪು ನನ್ನದು.

ಇಂಗಾಲದ ಗುರುತು 0.28ರ ಹತ್ತಿರ, ಎಲ್ಲ ಗದ್ದಲದಿಂದ ದೂರ ಮೂಲೆಯಲ್ಲಿ. ಅದು ಹಗುರ ಧಾತುವಾದ್ದರಿಂದ ಒಳಗಿನಿಂದ ಬರುವ ಎಕ್ಸ್‌ರೇಗಳನ್ನು ಬಹಳ ಕಡಿಮೆ ತಡೆಯುತ್ತದೆ. ಧಾತು ವಿಶ್ಲೇಷಣೆಗೆ ಇಂಗಾಲ ಬೇಕಾಗುವುದು ಇದಕ್ಕೇ. ಬರೀ ಮೇಲ್ಮೈಯ ಚಂದದ ಚಿತ್ರ ಸಾಕು ಎನ್ನುವವರಿಗೆ ಇಂಗಾಲ ಮೊದಲ ಆಯ್ಕೆಯಲ್ಲ. ಅದರ ವಾಹಕತೆ ಕಡಿಮೆ, ಕಿರಣ ತಾಗಿದಾಗ ಅದು ಹೊರಡಿಸುವ, ಚಿತ್ರ ಮೂಡಿಸುವ ದ್ವಿತೀಯಕ ಎಲೆಕ್ಟ್ರಾನುಗಳೂ ಕಡಿಮೆ, ಚಿತ್ರ ಸ್ವಲ್ಪ ಮಂಕು. ತೊಗರಿ ಎಲೆಯ ಮೇಲಿನ ಶಿಲೀಂಧ್ರದ ಆಕಾರ ನೋಡಬೇಕೆಂದರೆ ಬಂಗಾರ ಹಾಕುವ ಸ್ಪಟರ್ ಕೋಟರೇ ಸರಿ. ಎರಡೂ ಪೆಟ್ಟಿಗೆಗಳು ಹೊರಗಿನಿಂದ ಒಂದೇ ರೀತಿ ಕಾಣುವುದರಿಂದ ಒಂದಿದ್ದರೆ ಇನ್ನೊಂದರ ಕೆಲಸವೂ ನಡೆಯುತ್ತದೆ ಎಂದುಕೊಳ್ಳುವವರು ಬಹಳ. ಸ್ಪಟರ್ ಕೋಟರ್‌ನಲ್ಲಿ ಆರ್ಗಾನ್ ಅಯಾನುಗಳು ಬಂಗಾರದ ತಗಡಿಗೆ ಬಡಿದು ಪರಮಾಣುಗಳನ್ನು ಕಿತ್ತು ಹಾರಿಸುತ್ತವೆ. ಇಂಗಾಲ ಹಾಗೆ ಸುಲಭವಾಗಿ ಕಿತ್ತು ಬರುವುದಿಲ್ಲ. ಅದನ್ನು ನಿರ್ವಾತದಲ್ಲಿ 2500 ಡಿಗ್ರಿಗೂ ಮೀರಿ ಕಾಯಿಸಿ ಆವಿ ಮಾಡಬೇಕು. ಕರಗಿ ದ್ರವವಾಗದೆ ನೇರ ಆವಿಯಾಗುವುದು ಅದರ ಗುಣ.

ಕಾಯಿಸುವ ದಾರಿ ಮುಖ್ಯವಾಗಿ ಎರಡು. ಒಂದು ಕಡ್ಡಿ. ಎರಡು ಗ್ರಾಫೈಟ್ ಕಡ್ಡಿಗಳಲ್ಲಿ ಒಂದರ ತುದಿಯನ್ನು ಸೀಸದ ಕಡ್ಡಿಯಂತೆ ಚೂಪು ಮಾಡಿ, ಸ್ಪ್ರಿಂಗ್‌ನಿಂದ ಇನ್ನೊಂದಕ್ಕೆ ಒತ್ತಿ ಹಿಡಿದು, ದೊಡ್ಡ ವಿದ್ಯುತ್ ಹರಿಸುವುದು. ತಾಗಿದ ತುದಿಯಲ್ಲೇ ತಡೆ ಹೆಚ್ಚು, ಅಲ್ಲೇ ಕಾವು, ಅಲ್ಲಿಂದಲೇ ಆವಿ. ಬ್ರಾಡ್ಲಿ ಎಂಬ ವಿಜ್ಞಾನಿ 1954ರಲ್ಲಿ ಪ್ರಕಟಿಸಿದ ಈ ವಿಧಾನ ಇಂದಿಗೂ ಚಾಲ್ತಿಯಲ್ಲಿದೆ. ಇನ್ನೊಂದು ದಾರ. ಇಂಗಾಲದ ಎಳೆಗಳ ಹುರಿಯನ್ನು ಎರಡು ಹಿಡಿಕೆಗಳ ನಡುವೆ ಬಿಗಿದು ಒಮ್ಮೆಗೇ ಮಿಂಚಿನಂತೆ ಉರಿಸುವುದು. ದಾರ ಸುಲಭ, ಬೇಗ ಮುಗಿಯುತ್ತದೆ, ಹೊಸ ವಿದ್ಯಾರ್ಥಿ ಒಂದೇ ದಿನದಲ್ಲಿ ಕಲಿಯುತ್ತಾನೆ. ಆದರೆ ಪ್ರತಿ ಸಲವೂ ಹೊಸ ದಾರ ಬೇಕು, ಪದರವೂ ಕಡ್ಡಿಯದ್ದರಷ್ಟು ನುಣುಪಲ್ಲ. ಸೆಮ್ ಮತ್ತು ಇಡಿಎಸ್‌ಗೆ ದಾರ ಧಾರಾಳ ಸಾಕು. ಟೆಮ್ ಎಂಬ ಇನ್ನೊಂದು ಬಗೆಯ ಸೂಕ್ಷ್ಮದರ್ಶಕದಲ್ಲಿ ಎಲೆಕ್ಟ್ರಾನುಗಳು ಮಾದರಿಯನ್ನು ತೂರಿಕೊಂಡೇ ಹೋಗಬೇಕು. ಅದರ ತಾಮ್ರದ ಜಾಲರಿಗೆ ಹೊದಿಸುವ ಇಂಗಾಲದ ಪೊರೆ ಕೆಲವೇ ನ್ಯಾನೊಮೀಟರ್ ದಪ್ಪ, ಕಣ ಕಾಣದಷ್ಟು ನುಣುಪು. ಅದಕ್ಕೆ ಕಡ್ಡಿ, ಜೊತೆಗೆ ಆಳವಾದ ನಿರ್ವಾತ ಬೇಕು.

ನಿರ್ವಾತದ ವಿಷಯದಲ್ಲಿ ಮಾರುವವರ ಮಾತು ಜೋರಾಗುತ್ತದೆ. ಗಾಳಿ ಎಳೆದು ತೆಗೆಯಲು ಬರೀ ರೋಟರಿ ಪಂಪ್ ಇರುವ ಕೋಟರ್ 10ರ ಘಾತ ಮೈನಸ್ 2 ಮಿಲಿಬಾರ್ ಸುತ್ತಮುತ್ತ ನಿಲ್ಲುತ್ತದೆ. ಟರ್ಬೊ ಪಂಪ್ ಸೇರಿದರೆ ಮೈನಸ್ 5ಕ್ಕೆ ಇಳಿಯುತ್ತದೆ. ಮೊದಲನೆಯದರಲ್ಲಿ ಇಂಗಾಲದ ಪರಮಾಣು ಒಂದು ಸೆಂಟಿಮೀಟರ್ ಹೋಗುವುದರೊಳಗೆ ಗಾಳಿಯ ಕಣಕ್ಕೆ ಡಿಕ್ಕಿ ಹೊಡೆದು ದಿಕ್ಕು ತಪ್ಪುತ್ತದೆ. ಎರಡನೆಯದರಲ್ಲಿ ಅಂಥ ಎರಡು ಡಿಕ್ಕಿಗಳ ನಡುವಿನ ಹಾದಿ ಮೀಟರುಗಟ್ಟಲೆ, ಹಾಗಾಗಿ ಇಂಗಾಲ ನೆಟ್ಟಗೆ ಬಂದು ಕೂರುತ್ತದೆ. ನೆಟ್ಟಗೆ ಬರುವುದು ಯಾವಾಗಲೂ ಒಳ್ಳೆಯದೆಂದು ತಿಳಿಯಬೇಡಿ. ಒಡೆದ ಕಲ್ಲಿನ ಒರಟು ಮೈಯಲ್ಲಿ ಉಬ್ಬಿನ ಹಿಂದೆ ನೆರಳು ಬಿದ್ದು ಅಲ್ಲಿಗೆ ಲೇಪ ತಲುಪುವುದೇ ಇಲ್ಲ. ಆಗ ಮಾದರಿಯನ್ನು ಓರೆ ಮಾಡಿ ತಿರುಗಿಸುವ ಪೀಠ ಬೇಕು. ನಯಗೊಳಿಸಿದ ಕಲ್ಲು ಮಾತ್ರ ನೋಡುವವರಿಗೆ ಆ ಪೀಠದ ಖರ್ಚು ಬೇಡ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ದಪ್ಪದ್ದು. ಇವತ್ತು ಹಾಕಿದಷ್ಟೇ ಲೇಪವನ್ನು ನಾಳೆಯೂ ಹಾಕಬಲ್ಲದೇ? ಪ್ರಮಾಣ ತಿಳಿದ ಖನಿಜದ ಜೊತೆ ನಮ್ಮ ಕಲ್ಲನ್ನು ಹೋಲಿಸಿ ಲೆಕ್ಕ ಹಾಕುವಾಗ ಎರಡರ ಮೇಲೂ ಒಂದೇ ದಪ್ಪ ಇರಬೇಕು, ಇಲ್ಲದಿದ್ದರೆ ಹಗುರ ಧಾತುಗಳ ಲೆಕ್ಕ ತಪ್ಪುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಕ್ವಾರ್ಟ್ಜ್ ಹರಳಿನ ಮಾಪಕ ಇರುತ್ತದೆ. ಹರಳು ನಿರಂತರ ಕಂಪಿಸುತ್ತಿರುತ್ತದೆ, ಇಂಗಾಲ ಕೂತಷ್ಟೂ ಭಾರ ಹೆಚ್ಚಿ ಕಂಪನ ನಿಧಾನವಾಗುತ್ತದೆ, ಆ ಇಳಿಕೆಯಿಂದ ದಪ್ಪ ಗೊತ್ತಾಗುತ್ತದೆ. ಆಯ್ಕೆಗಳ ಪಟ್ಟಿಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಟಚ್ ಸ್ಕ್ರೀನ್ ಬಿಟ್ಟು ಈ ಹರಳನ್ನು ಉಳಿಸಿಕೊಳ್ಳುತ್ತೇನೆ.

ಹರಳಿಗೆ ಹಣವಿಲ್ಲದವರಿಗೆ ಹಳೆಯ ಉಪಾಯವೊಂದಿದೆ, ಕಾಡಿಗೆಯ ತಟ್ಟೆಯನ್ನು ನೆನಪಿಸುವಂಥದ್ದು. ಹೊಳಪು ಕೊಟ್ಟ ಹಿತ್ತಾಳೆ ಚೂರೊಂದನ್ನು ಮಾದರಿಯ ಪಕ್ಕ ಇಡಬೇಕು. ಇಂಗಾಲ 15 ನ್ಯಾನೊಮೀಟರ್ ಕೂತಾಗ ಹಿತ್ತಾಳೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, 20ಕ್ಕೆ ನೇರಳೆ ಬೆರೆತ ಕೆಂಪು, 25ಕ್ಕೆ ನೀಲಿ. ಪದರದ ಮೇಲಿನಿಂದಲೂ ತಳದಿಂದಲೂ ಮರಳುವ ಬೆಳಕು ಒಂದರೊಡನೊಂದು ಸೇರಿ ಹುಟ್ಟುವ ಬಣ್ಣ ಇದು, ಮಳೆನೀರಿನ ಮೇಲೆ ತೇಲುವ ಎಣ್ಣೆಯ ಬಣ್ಣದಂತೆ. ನಮ್ಮಲ್ಲಿ ಹರಳಿನ ಮಾಪಕ ಇದ್ದರೂ ಹಿತ್ತಾಳೆ ಚೂರನ್ನು ಇಂದಿಗೂ ಇಡುತ್ತೇವೆ.

ನಮ್ಮ ಊರಿನ ಬಿಸಿಲು, ಧೂಳು, ಕರೆಂಟನ್ನು ಮರೆತು ಯಂತ್ರ ಆರಿಸಬಾರದು. ಟರ್ಬೊ ಪಂಪಿನ ರೆಕ್ಕೆಗಳು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತವೆ, ಬೇಸಿಗೆಯಲ್ಲಿ ತಂಪಿಲ್ಲದ ಕೋಣೆ ಅದಕ್ಕೆ ಹಿತವಲ್ಲ. ನಡುವೆ ಕರೆಂಟ್ ಹೋದಾಗ ರೋಟರಿ ಪಂಪಿನ ಎಣ್ಣೆ ಹಿಂದಕ್ಕೆ ಎಳೆದು ಬಾರದಂತೆ ತಾನೇ ಮುಚ್ಚುವ ಕವಾಟ ಇದೆಯೇ ಎಂದು ಕೇಳಿ. ಎಣ್ಣೆಯ ಆವಿ ಮಾದರಿಯ ಮೇಲೆ ಕೂತರೆ ಅದೂ ಇಂಗಾಲದ ಮಸಿಯೇ, ಆದರೆ ನಮಗೆ ಬೇಡದ್ದು. ಕಡ್ಡಿ, ದಾರ, ರಬ್ಬರ್ ಬಳೆಗಳು ಎಲ್ಲಿಂದ ಬರುತ್ತವೆ, ರಿಪೇರಿಯವರು ಹೈದರಾಬಾದಿನಿಂದ ಬರುತ್ತಾರೋ ಬೆಂಗಳೂರಿನಿಂದಲೋ ಎಂಬುದನ್ನೂ ಬರೆಸಿಕೊಳ್ಳಿ.

ಲೇಪವೇ ಬೇಡದ ಮಾದರಿಗಳೂ ಇವೆ. ಬೀದರಿನ ಬಿದರಿ ಪಾತ್ರೆಯ ಚೂರು ಸತು ಮತ್ತು ತಾಮ್ರದ ಮಿಶ್ರಲೋಹ, ಮೇಲೆ ಬೆಳ್ಳಿಯ ಕೆತ್ತನೆ. ಎಲೆಕ್ಟ್ರಾನುಗಳಿಗೆ ದಾರಿ ತಾನೇ ಕೊಡುತ್ತದೆ. ಅದಕ್ಕೆ ಕಪ್ಪು ಬಣ್ಣ ತರಲು ಬಳಸುವ ಕೋಟೆಯ ಮಣ್ಣಿನ ಪುಡಿಯನ್ನು ನೋಡಬೇಕೆಂದರೆ ಮಾತ್ರ ಇಂಗಾಲ ಬೇಕು. ಮಾದರಿ ಇಡುವ ಕೋಣೆಯೊಳಗೆ ಸ್ವಲ್ಪ ಅನಿಲ ಉಳಿಸಿಕೊಂಡು ಕೆಲಸ ಮಾಡುವ ಸೆಮ್‌ಗಳಲ್ಲಿ ಕಲ್ಲನ್ನೂ ಲೇಪವಿಲ್ಲದೆ ನೋಡಬಹುದು. ನಿಮ್ಮ ಸೆಮ್‌ಗೆ ಆ ಅನುಕೂಲ ಇದೆಯೇ ಎಂದು ನೋಡಿಕೊಂಡ ಮೇಲೆಯೇ ಕೋಟರ್‌ನ ಬೆಲೆ ವಿಚಾರಿಸಿ.

ಗೋಗಿ ಕಡೆಯ ಆ ಹುಡುಗ ಮುಂದಿನ ತಿಂಗಳು ಮತ್ತೆ ಬಂದ, ಈ ಸಲ ಶಹಾಬಾದ್ ಕಲ್ಲು ಹಿಡಿದುಕೊಂಡು. ಕಲ್ಲಿನ ಕಪ್ಪು ಎಳೆಗಳಲ್ಲಿ ಇಂಗಾಲ ಇದೆಯೇ ನೋಡಬೇಕಂತೆ. “ಇಂಗಾಲದ ಕಲಾಯಿ ಹಾಕಿ ಇಂಗಾಲ ಹ್ಯಾಂಗ ಹುಡುಕ್ತೀರಿ ಸರ್?” ಎಂದು ಅವನೇ ಕೇಳಿದ. ಆ ಕಲ್ಲನ್ನು ಲೇಪವಿಲ್ಲದೆ, ಕೋಣೆಯಲ್ಲಿ ಅನಿಲ ಉಳಿಸಿಕೊಂಡೇ ನೋಡಿದೆವು.