ಪುಕ್ಕ ಕಿತ್ತ ಮೇಲೇ ಪೆನ್ನು

ಹಳೇ ಕಾಲದ ಕವಿ ಅಂದರೆ ಸಿನಿಮಾದವರು ಕೈಗೊಂದು ಉದ್ದನೆಯ ಬಿಳಿ ಗರಿ ಕೊಟ್ಟುಬಿಡುತ್ತಾರೆ. ನೋಡೋಕೆ ಚೆನ್ನಾಗಿರುತ್ತದೆ, ನಿಜ. ಆದರೆ ದಿನವಿಡೀ ಬರೆದು ಬದುಕುತ್ತಿದ್ದವರು ಗರಿಯ ಎರಡೂ ಬದಿಯ ಪುಕ್ಕವನ್ನು ಬಹುಪಾಲು ಕಿತ್ತೇ ಹಾಕುತ್ತಿದ್ದರು. ಕೈಗೆ ಅಡ್ಡ ಬರುತ್ತಿತ್ತು, ಅಷ್ಟೇ. ಅವರಿಗೆ ಬೇಕಿದ್ದದ್ದು ಬುಡದ ಟೊಳ್ಳು ಕೊಳವೆ.

ಯುರೋಪಿನಲ್ಲಿ ಮೊದಲು ಶಾಯಿಯಲ್ಲಿ ಬರೆಯುತ್ತಿದ್ದದ್ದು ಜೊಂಡಿನ ಕಡ್ಡಿಯಿಂದ. 7ನೇ ಶತಮಾನದಲ್ಲಿ ಸ್ಪೇನಿನ ಸೆವಿಲ್‌ನ ಬಿಷಪ್ ಇಸಿಡೋರ್ ಬರೆಯುವ ಸಾಧನಗಳನ್ನು ಹೇಳುವಾಗ ಜೊಂಡು, ಗರಿ ಎರಡನ್ನೂ ಹೆಸರಿಸಿದ್ದಾರೆ. ಆಮೇಲೆ ಸಾವಿರ ವರ್ಷಕ್ಕೂ ಜಾಸ್ತಿ ಗರಿಯದ್ದೇ ಕಾರುಬಾರು. ಲ್ಯಾಟಿನ್‌ನಲ್ಲಿ ಗರಿಗೆ ‘ಪೆನ್ನಾ’ ಎನ್ನುತ್ತಾರೆ. ನಾವು ಜೇಬಿಗೆ ಸಿಕ್ಕಿಸಿಕೊಳ್ಳುವ ಪೆನ್ನು ಅದೇ. ಪೆನ್ಸಿಲ್ ಮಾತ್ರ ಈ ಮನೆತನದ್ದಲ್ಲ. ‘ಪುಟ್ಟ ಬಾಲ’ ಅನ್ನುವ ಅರ್ಥದ ಪದ ಕುಂಚಕ್ಕೆ ಹೆಸರಾಗಿ, ಕೊನೆಗೆ ಪೆನ್ಸಿಲ್ ಆಯಿತು.

ಸಿಕ್ಕ ಗರಿಯೆಲ್ಲ ಪೆನ್ನಾಗುತ್ತಿರಲಿಲ್ಲ. ಹೆಬ್ಬಾತಿನ ರೆಕ್ಕೆಯ ಹೊರಗಿನ ನಾಲ್ಕೈದು ದೊಡ್ಡ ಗರಿಗಳೇ ಬೇಕು. ಬಲಗೈಯಲ್ಲಿ ಬರೆಯುವವರಿಗೆ ಎಡ ರೆಕ್ಕೆಯದು ಅನುಕೂಲ. ಅದರ ಬಾಗು ಕಣ್ಣಿಗೆ ಅಡ್ಡ ಬರದೆ ಹೊರಕ್ಕೆ ತಿರುಗುತ್ತದೆ. ಸಣ್ಣ ಗೆರೆಗೆ ಕಾಗೆ ಗರಿ, ದೊಡ್ಡ ಅಕ್ಷರಕ್ಕೆ ಹಂಸದ್ದು. ಹಸಿ ಗರಿ ಮೆತ್ತಗಿರುತ್ತದೆ, ಅದನ್ನು ಬಿಸಿ ಮರಳಿನಲ್ಲಿ ಹೂತು ಗಟ್ಟಿ ಮಾಡುತ್ತಿದ್ದರು. ಆಮೇಲೆ ಓರೆಯಾಗಿ ಒಂದು ಕೊಯ್ತ, ಎರಡೂ ಬದಿ ಕೆತ್ತಿ ಒಂದು ಮೊನೆ, ಮೊನೆಯ ನಡುವೆ ಕೂದಲೆಳೆಯಂಥ ಸೀಳು. ಆ ಸೀಳು ಕೆಟ್ಟರೆ ಅಷ್ಟೂ ಕೆಲಸ ದಂಡ. ಶಾಯಿ ಅದರೊಳಗೇ ಇಳಿದು ಕಾಗದ ಮುಟ್ಟುತ್ತದೆ. ಒತ್ತಿದರೆ ಸೀಳು ಅಗಲವಾಗಿ ಗೆರೆ ದಪ್ಪ, ಸಡಿಲ ಬಿಟ್ಟರೆ ತೆಳು. ಇಂಕ್ ಪೆನ್ನಿನ ನಿಬ್ಬನ್ನು ಒಮ್ಮೆ ಕಣ್ಣ ಹತ್ತಿರ ಹಿಡಿದು ನೋಡಿ. ಅದೇ ಸೀಳು ಇದೆ, ಅಲ್ವಾ? ಗರಿಯ ಮೊನೆ ಬೇಗ ಸವೆಯುತ್ತಿತ್ತು. ಮತ್ತೆ ಮತ್ತೆ ಕೆತ್ತೋಕೆ ಇಟ್ಟುಕೊಳ್ಳುತ್ತಿದ್ದ ಪುಟ್ಟ ಚಾಕುವೇ ಪೆನ್‌ನೈಫ್.

ಕೊಳವೆ ಅಂದಮೇಲೆ ಬರೆಯೋಕೆ ಮಾತ್ರ ಯಾಕೆ? 1656ರಲ್ಲಿ ಕ್ರಿಸ್ಟೋಫರ್ ರೆನ್ ನಾಯಿಯೊಂದರ ರಕ್ತನಾಳಕ್ಕೆ ಔಷಧ ಹರಿಸಲು ಗರಿಯ ಕೊಳವೆಗೆ ಪ್ರಾಣಿಯ ಮೂತ್ರಕೋಶದ ಚೀಲ ಕಟ್ಟಿಕೊಂಡಿದ್ದರು. ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚ್ ಕಟ್ಟಿಸಿದ ಅದೇ ರೆನ್! ನಮ್ಮ ಇಂಜೆಕ್ಷನ್ ಸೂಜಿಗೆ ಆ ಗರಿಯನ್ನು ಅಜ್ಜ ಅನ್ನಬಹುದು. ಪಿಯಾನೋ ಥರದ ಹಾರ್ಪ್ಸಿಕಾರ್ಡ್ ವಾದ್ಯದಲ್ಲಿ ಮಣೆ ಒತ್ತಿದಾಗ ತಂತಿ ಮೀಟುತ್ತಿದ್ದದ್ದೂ ಗರಿಯ ಚೂರೇ. ಇಂಗ್ಲಿಷಿನಲ್ಲಿ ಈ ಗರಿಗೆ ‘ಕ್ವಿಲ್’ ಅಂತ ಹೆಸರು. ಅವರು ಸುರುಳಿ ಸುತ್ತಿದ ದಾಲ್ಚಿನ್ನಿಗೂ, ಮುಳ್ಳುಹಂದಿಯ ಮುಳ್ಳಿಗೂ ‘ಕ್ವಿಲ್’ ಅನ್ನುತ್ತಾರೆ. ಮುಳ್ಳುಹಂದಿಯದು ಗರಿಯೇ ಅಲ್ಲ, ಗಟ್ಟಿಯಾದ ಕೂದಲು. ಕನ್ನಡದಲ್ಲಿ ಅದು ಸುಮ್ನೆ ಮುಳ್ಳು. ನನಗೇನೋ ನಮ್ಮದೇ ಸರಿ ಅನಿಸುತ್ತದೆ.

1820ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಯಂತ್ರಗಳು ಉಕ್ಕಿನ ನಿಬ್ಬುಗಳನ್ನು ರಾಶಿರಾಶಿಯಾಗಿ ಒತ್ತಿ ತೆಗೆಯತೊಡಗಿದವು. ಕೆತ್ತುವ ಗೋಳಿಲ್ಲ, ಬೆಲೆಯೂ ಇಳಿಯಿತು. ಗರಿ ಮೂಲೆ ಸೇರಿತು.

ಪೂರ್ತಿ ಅಲ್ಲ. ಯಹೂದಿ ಲಿಪಿಕಾರರು ತಮ್ಮ ಧರ್ಮಗ್ರಂಥವಾದ ತೋರಾದ ಸುರುಳಿ ಬರೆಯಲು ಇವತ್ತಿಗೂ ಗರಿ ಕೆತ್ತುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ವಾದ ಇರುವ ದಿನ ವಕೀಲರ ಮೇಜಿನ ಮೇಲೆ ಬಿಳಿ ಹೆಬ್ಬಾತಿನ ಗರಿಗಳಿರುತ್ತವೆ. ವಾದ ಮುಗಿಸಿದವರು ನೆನಪಿಗೆ ಮನೆಗೆ ಒಯ್ಯುತ್ತಾರೆ. ಅವುಗಳ ಪುಕ್ಕವನ್ನು ಮಾತ್ರ ಯಾರೂ ಕಿತ್ತಿರುವುದಿಲ್ಲ.